‘ಇತರೆ’ ಅಂದರೆ ಏನು?

ಸುಮಾರು ಮೂವತ್ತು ವರ್ಷದಿಂದ ಸಹಕಾರ ಸಂಘಗಳ ಲೆಕ್ಕ ನೋಡುತ್ತಿದ್ದೇನೆ. ಗದಗ, ಹಾವೇರಿ, ಧಾರವಾಡದ ಕಡೆಯೇ ನನ್ನ ತಿರುಗಾಟ ಜಾಸ್ತಿ. ಹೊಸ ಸಂಘಕ್ಕೆ ಹೋದರೆ ಕಾರ್ಯದರ್ಶಿ ಮೊದಲು ನಗದು ಪುಸ್ತಕ ತಂದಿಡುತ್ತಾರೆ. ಇರಲಿ, ಆಮೇಲೆ ನೋಡೋಣ ಅಂತ ಪಕ್ಕಕ್ಕೆ ಸರಿಸುತ್ತೇನೆ. ನನಗೆ ಮೊದಲು ಬೇಕಾದ್ದು ಮಹಾಸಭೆಯ ಹಾಜರಿ ಪುಸ್ತಕ ಮತ್ತು ನಡಾವಳಿ.

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಹಾಜರಿಯಲ್ಲಿ 412 ಸಹಿ. ನಡಾವಳಿಯಲ್ಲಿ, ‘ವಿಷಯ 1ರಿಂದ 9ರವರೆಗೆ ಓದಿ ಹೇಳಲಾಯಿತು, ಸಭೆ ಸರ್ವಾನುಮತದಿಂದ ಒಪ್ಪಿತು.’ ಅಷ್ಟೇ. 412 ಜನ, ಒಂಬತ್ತು ವಿಷಯ, ಒಂದೂ ಪ್ರಶ್ನೆಯಿಲ್ಲ. ಇನ್ನು ಖರ್ಚಿನ ಫೈಲು ತೆಗೆದರೆ ಶಿರಾ, ಉಪ್ಪಿಟ್ಟಿನ ಬಿಲ್ಲು, ಅದರ ಹಿಂದೆ ಸ್ಟೀಲ್ ಡಬ್ಬಿಯ ಬಿಲ್ಲು. ಏನು ನಡೆದಿದೆ ಅಂತ ಗೊತ್ತಾಯಿತಲ್ಲ? ಬಂದರು, ಸಹಿ ಹಾಕಿದರು, ತಿಂದರು, ಡಬ್ಬಿ ಹಿಡಿದು ಹೋದರು. ಇಂಥ ಸಂಘದಲ್ಲಿ ನಾನು ಕನ್ನಡಕ ಒರೆಸಿಕೊಂಡು ಕೂರುತ್ತೇನೆ.

ಹಾಗೆ ಕೂತ ಒಂದು ಕಡೆಯ ಕಥೆ ಹೇಳುತ್ತೇನೆ. ತಾಲ್ಲೂಕು ಊರಿನ ಪತ್ತಿನ ಸಂಘ. ಹೆಸರು ಬೇಡ. ಮಾರ್ಚ್ 31ಕ್ಕೆ ಸುಸ್ತಿ ಸಾಲ, ಅಂದರೆ ಗಡುವು ಮೀರಿದರೂ ತೀರದ ಸಾಲ, ನೂರಕ್ಕೆ ಮೂರು ಮಾತ್ರ. ಕೇಳೋಕೆ ಚೆಂದ. ಸಾಲದ ಖಾತೆಗಳನ್ನು ಒಂದೊಂದೇ ತಿರುವಿದೆ. ಹಳೆ ಸಾಲಗಳೆಲ್ಲ ಮಾರ್ಚ್ 29, 30ರಂದೇ ತೀರಿವೆ. ಅದೇ ದಿನ, ಅದೇ ಹೆಸರಿಗೆ ಹೊಸ ಸಾಲ. ಮೊತ್ತ ಹಳೆಯದಕ್ಕಿಂತ ಸ್ವಲ್ಪ ದೊಡ್ಡದು, ಬಡ್ಡಿಯೂ ಅದರೊಳಗೇ ಮುಚ್ಚಿಹೋಗಲಿ ಅಂತ. ಪುಸ್ತಕದಲ್ಲಿ ಹಣ ಬಂದಿದೆ, ಹೋಗಿದೆ. ತಿಜೋರಿಯಲ್ಲಿ ಒಂದು ನೋಟೂ ಕದಲಿಲ್ಲ. ಜಾಮೀನು ನೋಡಿದರೆ ಅವನಿಗೆ ಇವನು, ಇವನಿಗೆ ಅವನು. ಇಬ್ಬರೂ ನಿರ್ದೇಶಕರೊಬ್ಬರ ಅಂಗಡಿಯ ಆಳುಗಳು. ಮುಂದಿನ ವರ್ಷ ಠೇವಣಿ ವಾಪಸ್ ಕೇಳುವವರು ಸಾಲುಗಟ್ಟಿದರು, ಕೊಡೋಕೆ ಹಣ ಇರಲಿಲ್ಲ.

ಆ ಸಾಲಿನಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಸರ್ಕಾರಿ ಬ್ಯಾಂಕಿಗಿಂತ ಎರಡು ರೂಪಾಯಿ ಬಡ್ಡಿ ಜಾಸ್ತಿ ಸಿಗುತ್ತದೆ ಅಂತ ನಿವೃತ್ತಿಯ ಗಂಟನ್ನು ಅಲ್ಲೇ ಇಟ್ಟಿದ್ದರು.

“ಸಾಹೇಬ್ರ, ನಾವು ರೊಕ್ಕಾ ಇಟ್ಟವರು. ಲೆಕ್ಕಾ ನೋಡಾಕ ನೀವದೀರಲ್ರೀ?”

“ವಾರ್ಷಿಕ ವರದಿ ಮನಿಗೆ ಬರತಿತ್ತಲ್ರಿ ಮಾಸ್ತರ?”

“ಬರತಿತ್ರಿ. ಬಿಚ್ಚಿ ನೋಡಿಲ್ಲ.”

ಮಕ್ಕಳ ಉತ್ತರಪತ್ರಿಕೆಯನ್ನು ಅರ್ಧ ಅಂಕವೂ ಬಿಡದೆ ತಿದ್ದಿದ ಮನುಷ್ಯ ಅವರು. ನನಗೆ ಬೈಯಲು ಬಾಯಿ ಬರಲಿಲ್ಲ. ಕದ್ದವರು ಬೇರೆ. ಮಾಸ್ತರರು ಕಳೆದುಕೊಂಡವರು.

ಆದರೂ ಅವರ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನೋಡುವ ಕೆಲಸ ಯಾರದು?

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲನೆಯದು ಅಂತ ನಮ್ಮ ಕಡೆಯವರಿಗೆ ಬಲು ಹೆಮ್ಮೆ. ಅದಕ್ಕೆ ದಾರಿ ಮಾಡಿದ ಕಾಯ್ದೆ ಬಂದದ್ದು 1904ರಲ್ಲಿ. ಅದರಲ್ಲಿ ಈಗ ಯಾರೂ ನೆನಸದ ಒಂದು ನಿಯಮವಿತ್ತು. ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಅಂದರೆ ಸಂಘ ಮುಳುಗಿದರೆ ನಿಮ್ಮ ಷೇರು ಮಾತ್ರ ಹೋಗುವುದಿಲ್ಲ. ಸಂಘದ ಸಾಲ ತೀರುವ ತನಕ ನಿಮ್ಮ ಹೊಲ, ಮನೆಯೂ ಹೊಣೆ.

ಈ ಯೋಚನೆ ಜರ್ಮನಿಯಿಂದ ಬಂದದ್ದು. ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಅಲ್ಲಿಯ ಹಳ್ಳಿಗಳಲ್ಲಿ ಮೇಯರ್ ಆಗಿದ್ದವರು. 1846-47ರ ಹಸಿವಿನ ಚಳಿಗಾಲದಲ್ಲಿ ಉಳ್ಳವರಿಂದ ಹಣ ಎತ್ತಿ ಬಡವರಿಗೆ ಬ್ರೆಡ್ ಸಿಗುವಂತೆ ಮಾಡಿದರು. ಬಡ್ಡಿಯವರ ಕೈಯಿಂದ ರೈತರನ್ನು ಬಿಡಿಸೋಕೂ ಮೊದಲಿಗೆ ಉಳ್ಳವರನ್ನೇ ನೆಚ್ಚಿದ್ದರು. ಕೆಲವು ವರ್ಷ ನಡೆಯಿತು. ಆಮೇಲೆ ಕೊಡುವವರಿಗೆ ಬೇಸರ ಬಂತು. ದಾನ ಅಂದರೆ ಹಾಗೇ ಅಲ್ವಾ? 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಅವರು ವ್ಯವಸ್ಥೆಯನ್ನೇ ತಿರುವಿ ಹಾಕಿದರು. ಸಾಲ ಬೇಕಾದವರೇ ಸದಸ್ಯರಾಗಬೇಕು, ನಷ್ಟ ಬಂದರೆ ಅವರೇ ಹೊರಬೇಕು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ 1890ರ ದಶಕದಲ್ಲಿ ರೈತರ ಸಾಲದ ಬಗ್ಗೆ ದೊಡ್ಡ ವರದಿ ಬರೆದು, ಅದನ್ನೆಲ್ಲ ಎರಡೇ ಮಾತಿಗೆ ಇಳಿಸಿದರು: ರೈಫೈಸನ್‌ನನ್ನು ಹುಡುಕಿ.

ನನ್ನ ಹೊಲ ಒತ್ತೆಯಾಗಿದೆ ಅಂತಿಟ್ಟುಕೊಳ್ಳಿ. ಎತ್ತಿಗೆ ಅಂತ ಸಾಲ ಒಯ್ದವನ ಕೊಟ್ಟಿಗೆಗೆ ಎತ್ತು ಬಂತೋ, ಹಣ ಇಸ್ಪೀಟಿಗೆ ಹೋಯಿತೋ ಅಂತ ನಾನು ನೋಡದೆ ಬಿಡುತ್ತೇನಾ? ಯಾರನ್ನು ಸದಸ್ಯ ಮಾಡಿಕೊಳ್ಳಬೇಕು, ಯಾರ ಮಾತಿಗೆ ಬೆಲೆಯಿದೆ, ಯಾರು ಸಂಜೆಯಾದರೆ ಹೆಂಡದಂಗಡಿಯಲ್ಲಿ ಸಿಗುತ್ತಾರೆ, ಎಲ್ಲವೂ ನನಗೆ ಬೇಕಾದ ಸುದ್ದಿಯೇ. ಸಂಘದ ಎಲ್ಲೆ ಒಂದೆರಡು ಹಳ್ಳಿ ದಾಟದಂತೆ ಇಟ್ಟದ್ದೂ ಇದಕ್ಕೇ. ಪರಿಚಯವಿಲ್ಲದವನ ನಡತೆಗೆ ಯಾರು ಜಾಮೀನು ನಿಲ್ಲುತ್ತಾರೆ?

ಅದು ಸತ್ಯಯುಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ನಂಬಿಕಸ್ಥ ಅಂದರೆ ಹೊಲ ಇದ್ದವನು, ನಮ್ಮವನು ಅಂತ ಅರ್ಥ ಮಾಡಿಕೊಂಡ ಊರುಗಳೇ ಹೆಚ್ಚು. ಭೂಮಿ ಇಲ್ಲದವರು, ದಲಿತರು ಹೊರಗೇ ಉಳಿದರು. ಆ ಹೊಣೆ ಮತ್ತೆ ಬರಲಿ ಅಂತ ನಾನು ಕೇಳಲಾರೆ. ಯಾರೋ ಮಾಡಿದ ಸಾಲಕ್ಕೆ ನನ್ನ ಮನೆ ಹೋಗುವುದು ನನಗೂ ಬೇಡ.

ಈಗ ಹೊಣೆ ಷೇರಿನಷ್ಟೇ. ಸ್ವಾತಂತ್ರ್ಯವಂತೂ ಬೇಕಾದಷ್ಟು. ಸರ್ಕಾರದ ಹಿಡಿತ ಕಡಿಮೆಯಿರಲಿ ಅಂತಲೇ ಕರ್ನಾಟಕದಲ್ಲಿ 1997ರ ಸೌಹಾರ್ದ ಕಾಯ್ದೆ ಬಂತು. ಸಹಕಾರ ಸಂಘ ಕಟ್ಟುವುದು 2012ರಿಂದ ಸಂವಿಧಾನದ 19ನೇ ವಿಧಿಯಲ್ಲೇ ಹಕ್ಕಾಗಿದೆ. ಒಬ್ಬರಿಗೆ ಒಂದೇ ಮತ. ಹತ್ತು ಲಕ್ಷ ಇಟ್ಟವರಿಗೂ ಒಂದು, ನೂರು ರೂಪಾಯಿ ಷೇರಿನವರಿಗೂ ಒಂದು. ಇಷ್ಟು ಸಮಾನತೆ ಸಾಮಾನ್ಯ ಕಂಪನಿಗಳಲ್ಲಿ ಸಿಗುವುದಿಲ್ಲ.

ಹೊಣೆ ಹಗುರಾಯಿತು, ಜೊತೆಗೆ ನೋಡುವ ಕಣ್ಣೂ ಮುಚ್ಚಿತು. ಮಹಾಸಭೆಗೆ ಬಾರದವರ ಮತದ ಹಕ್ಕು ತಪ್ಪುವಂತೆ ಕಾನೂನು ತಂದರು. ಆಗ ಏನಾಯಿತು? ಜನ ಬಂದು ಸಹಿ ಹಾಕಿ ಹೋಗತೊಡಗಿದರು. ಡಬ್ಬಿಗಳ ಲೆಕ್ಕ ಮಾತ್ರ ಏರಿತು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಇದನ್ನು ನಾನು ವಾರಕ್ಕೊಮ್ಮೆಯಾದರೂ ಬಿಡಿಸಿ ಹೇಳುತ್ತೇನೆ. ‘ಏನಾದರೂ ಆದರೆ 5 ಲಕ್ಷ ಸರ್ಕಾರ ಕೊಡುತ್ತದಂತೆ.’ ಆ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕೂ ಸೇರಿ. 2020ರ ಫೆಬ್ರವರಿಯಲ್ಲಿ ಅದನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬ್ಯಾಂಕ್ ಅಲ್ಲದ ಪತ್ತಿನ ಸಂಘಕ್ಕೆ, ಸೌಹಾರ್ದ ಸಂಘಕ್ಕೆ ಅದು ಇಲ್ಲ. ಬೋರ್ಡಿನಲ್ಲಿ ‘ಬ್ಯಾಂಕ್’ ಅಂತ ಇದೆಯಾ, ‘ಸಂಘ ನಿಯಮಿತ’ ಅಂತ ಇದೆಯಾ, ದಯವಿಟ್ಟು ಓದಿ.

ಮಾಸ್ತರರ ಸಂಘಕ್ಕೆ ಆಮೇಲೆ ಸಹಕಾರ ಸಂಘಗಳ ಕಾಯ್ದೆಯ ಕಲಂ 64ರ ವಿಚಾರಣೆ ಬಂತು. ಆಡಳಿತ ಮಂಡಳಿ ಹೋಯಿತು, ಇಲಾಖೆಯ ಆಡಳಿತಾಧಿಕಾರಿ ಬಂದು ಕೂತರು. ಆವತ್ತಿನಿಂದ ಸದಸ್ಯರ ಮತಕ್ಕೆ ಕೆಲಸವಿರಲಿಲ್ಲ. ಕೊಟ್ಟಷ್ಟು ತಗೊಳ್ಳಬೇಕು, ಕರೆದಾಗ ಬರಬೇಕು. ಬಡ್ಡಿ ವ್ಯಾಪಾರಿಯ ಬಾಗಿಲಲ್ಲಿ ನಿಲ್ಲುವುದನ್ನು ತಪ್ಪಿಸೋಕೆ ಕಟ್ಟಿದ ಸಂಘದ ಸದಸ್ಯರು ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಂತರು.

ನಮ್ಮ ಆಡಿಟರುಗಳ ತಪ್ಪನ್ನೂ ಹೇಳಬೇಕು. ಸಂಘದ ಆಡಿಟರನ್ನು ಇಲಾಖೆ ಒಪ್ಪಿದ ಪಟ್ಟಿಯಿಂದ ಆರಿಸುವುದು ಮಹಾಸಭೆ. ಡಬ್ಬಿ ಹಿಡಿದು ಹೋಗುವ ಅದೇ ಸಭೆ. ಹಾಗಾಗಿ ಆರಿಸುವುದು ಅಧ್ಯಕ್ಷರೇ. ಅವರ ಮುಖ ನೋಡಿ ನಾನೂ ಒಂದು ವರ್ಷ ಸಂಘಕ್ಕೆ ಆಡಿಟ್ ದರ್ಜೆ ‘ಸಿ’ ಕೊಡಬೇಕಿದ್ದ ಕಡೆ ‘ಬಿ’ ಕೊಟ್ಟಿದ್ದೇನೆ. ಆ ವರದಿಯ ಪ್ರತಿ ನನ್ನ ಬೀರುವಿನಲ್ಲಿ ಇನ್ನೂ ಇದೆ.

ಹಾಗಂತ ಎಲ್ಲ ಸಂಘವೂ ಹೀಗಿಲ್ಲ. ಹಾವೇರಿ ಕಡೆಯ ಒಂದು ಹಳ್ಳಿಯ ಸಂಘಕ್ಕೆ ಹೋಗುವುದೆಂದರೆ ನನಗೆ ಖುಷಿ, ಸ್ವಲ್ಪ ಭಯವೂ. ಅಲ್ಲೊಬ್ಬ ಅಜ್ಜ ಇದ್ದಾರೆ. ನಾಲ್ಕನೇ ಇಯತ್ತೆ ಓದಿದವರು. ವರದಿಯನ್ನು ಬೆರಳಿಟ್ಟು ಓದಿಕೊಂಡು ಬರುತ್ತಾರೆ. ಒಂದು ವರ್ಷ ಎದ್ದು ನಿಂತು ಕೇಳಿದರು: “ಹನ್ನೊಂದನೇ ಪುಟದಾಗ ಇತರೆ ಖರ್ಚು ಒಂದ್ ಲಕ್ಷದ ಎಂಬತ್ತಾರು ಸಾವಿರ ಐತಿ. ಇತರೆ ಅಂದ್ರ ಏನ್ರೀ?”

ಅಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿದರು. ಕಾರ್ಯದರ್ಶಿ ನನ್ನನ್ನು ನೋಡಿದರು. ನಾನು ನೀರು ಕುಡಿದೆ. ಜನ ನಕ್ಕರು, ಆದರೆ ಅಜ್ಜ ಕೂರಲಿಲ್ಲ. ಬಿಲ್ಲುಗಳ ಫೈಲು ತರಿಸಿ ಓದಿ ಹೇಳುವ ಹೊತ್ತಿಗೆ ಉಪ್ಪಿಟ್ಟು ಆರಿಹೋಗಿತ್ತು. ಕಳ್ಳತನವೇನೂ ಇರಲಿಲ್ಲ, ಸೋಮಾರಿತನ ಅಷ್ಟೇ. ಮುಂದಿನ ವರ್ಷದಿಂದ ಆ ‘ಇತರೆ’ ಹದಿನಾಲ್ಕು ಸಾಲಾಗಿ ಅಚ್ಚಾಯಿತು. ಈಗ ಇನ್ನೂ ಐದಾರು ಜನ ಪೆನ್ನು ಹಿಡಿದು ಬರುತ್ತಾರೆ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು.

ಕಳೆದ ಸೆಪ್ಟೆಂಬರಿನ ಸಭೆಯಲ್ಲಿ ಅಜ್ಜ ಮತ್ತೆ ಎದ್ದರು. ಆಸ್ತಿ ಪಟ್ಟಿಯಲ್ಲಿ 40 ಕುರ್ಚಿ ಅಂತ ಇದೆ, ತಾವು ಎಣಿಸಿ ನೋಡಿದರೆ ಇರೋದು 38 ಅಂದರು. ಸಭೆ ಅಲ್ಲಿಗೇ ನಿಂತಿತು. ಉಳಿದ ಎರಡು ಹನುಮಪ್ಪನ ಗುಡಿಯಲ್ಲಿದ್ದವು, ಜಾತ್ರೆಗೆ ಒಯ್ದವರು ವಾಪಸ್ ತಂದಿರಲಿಲ್ಲ. ಹುಡುಗನೊಬ್ಬ ಬೈಕಿನಲ್ಲಿ ಹೋಗಿ ತಂದ. ಅಜ್ಜ ಒಂದರ ಮೇಲೆ ಕೂತರು, ಅಧ್ಯಕ್ಷರು ಮುಂದಿನ ವಿಷಯ ಓದಿದರು.