ರಾಬಿನ್ ಹುಡ್ ರಾಜ ರಿಚರ್ಡನ ಕಾಲದವನೇ?

ಇಂಗ್ಲೆಂಡಿನ ಜನಪದ ಕಥೆಗಳಲ್ಲಿ ಬರುವ ಕಾಡಿನ ದರೋಡೆಕಾರ ರಾಬಿನ್ ಹುಡ್ ಅಂದ ಕೂಡಲೇ ಶೆರ್ವುಡ್ ಕಾಡು, ದೂರದ ಯುದ್ಧಕ್ಕೆ ಹೋದ ರಾಜ ರಿಚರ್ಡ್, ಇಲ್ಲಿ ಜನರನ್ನು ಕಾಡುವ ಅವನ ತಮ್ಮ ಜಾನ್ ಎಲ್ಲರೂ ಕಣ್ಮುಂದೆ ಬರುತ್ತಾರೆ, ಅಲ್ವಾ? ಈ ಚಿತ್ರದಲ್ಲಿ ಕಾಡು ಹಳೆಯದು. ರಾಜರು ಆಮೇಲೆ ಸೇರಿಕೊಂಡವರು.

1377ರ ಸುಮಾರಿನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ ಒಬ್ಬ ಸೋಮಾರಿ ಪಾದ್ರಿ ಬರುತ್ತಾನೆ. ಅವನಿಗೆ ಪ್ರಾರ್ಥನೆ ನೆಟ್ಟಗೆ ಬರುವುದಿಲ್ಲ, ರಾಬಿನ್ ಹುಡ್ ಪದಗಳು ಮಾತ್ರ ಬಾಯಿಪಾಠ! ಅಂದರೆ ಅಷ್ಟು ಹೊತ್ತಿಗಾಗಲೇ ಈ ಹಾಡುಗಳು ಜನರ ಬಾಯಲ್ಲಿದ್ದವು. 1450ರ ಸುಮಾರಿನ ಒಂದು ಲಾವಣಿ ಶೆರ್ವುಡ್ ಮತ್ತು ನಾಟಿಂಗ್‌ಹ್ಯಾಮ್‌ನಲ್ಲಿ ನಡೆಯುತ್ತದೆ. ಆದರೆ 1500ರ ಆಸುಪಾಸಿನಲ್ಲಿ ಅಚ್ಚಾದ ದೊಡ್ಡ ಲಾವಣಿಯಲ್ಲಿ ರಾಬಿನ್‌ನ ನೆಲೆ ಯಾರ್ಕ್‌ಶೈರ್‌ನ ಬಾರ್ನ್ಸ್‌ಡೇಲ್. ಉತ್ತರಕ್ಕೆ ಹೋಗುವ ಹೆದ್ದಾರಿ ಅಲ್ಲೇ ಹಾದುಹೋಗುತ್ತಿತ್ತು. ದುಡ್ಡಿನ ಚೀಲ ಹೊತ್ತ ಮಠದವರನ್ನು ತಡೆಯಲು ಹೇಳಿ ಮಾಡಿಸಿದ ಜಾಗ. ಅಲ್ಲಿ ರಾಜನ ಹೆಸರು ಎಡ್ವರ್ಡ್. ರಾಬಿನ್ ಕುಲೀನನೂ ಅಲ್ಲ, ಜೀತದವನೂ ಅಲ್ಲ, ನಡುವಿನ ಯೋಮನ್ ವರ್ಗದವನು.

ಅವನನ್ನು ರಿಚರ್ಡನ ಕಾಲಕ್ಕೆ, 1190ರ ದಶಕಕ್ಕೆ ತಂದು ಕೂರಿಸಿದ್ದು 1521ರಲ್ಲಿ ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್. 1598ರಲ್ಲಿ ಆಂಟನಿ ಮಂಡೇ ನಾಟಕ ಬರೆದು ಅವನನ್ನು ಹಂಟಿಂಗ್‌ಡನ್‌ನ ಅರ್ಲ್, ಅಂದರೆ ದೊಡ್ಡ ಕುಲೀನ, ಮಾಡಿದ. ಇದನ್ನೆಲ್ಲ ಮನೆಮನೆಗೆ ಮುಟ್ಟಿಸಿದ್ದು ವಾಲ್ಟರ್ ಸ್ಕಾಟ್‌ನ ಕಾದಂಬರಿ 'ಐವನ್‌ಹೋ'.

ಹಾಗಾದರೆ ನಿಜವಾದ ರಾಬಿನ್ ಇದ್ದನೇ? 1226ರ ಯಾರ್ಕ್ ದಾಖಲೆಯಲ್ಲಿ ತಲೆಮರೆಸಿಕೊಂಡ ರಾಬರ್ಟ್ ಹಾಡ್ ಎಂಬವನಿದ್ದಾನೆ. ಅವನ ಸಾಮಾನಿನ ಬೆಲೆ 32 ಶಿಲಿಂಗ್ 6 ಪೆನ್ಸ್. ಅವನೇ ಇವನು ಅನ್ನಲು ಬೇರೆ ಆಧಾರವಿಲ್ಲ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು 1262ರ ದಾಖಲೆ. ಬರ್ಕ್‌ಶೈರ್‌ನಲ್ಲಿ ಓಡಿಹೋದ ವಿಲಿಯಂ ಎಂಬವನ ಹೆಸರನ್ನು ಗುಮಾಸ್ತನೊಬ್ಬ 'ವಿಲಿಯಂ ರಾಬ್‌ಹಾಡ್' ಎಂದು ಬದಲಿಸಿ ಬರೆದಿದ್ದಾನೆ. ಕಳ್ಳಕಾಕರಿಗೆ ಆ ಅಡ್ಡಹೆಸರು ಆಗಲೇ ಅಂಟಿತ್ತು ಅಂತ ಕಾಣುತ್ತದೆ. ಹಾಗಿರುವಾಗ ದಾಖಲೆಯಲ್ಲಿ ಸಿಕ್ಕ 'ಹಾಡ್' ಹೆಸರಿನ ಪ್ರತಿಯೊಬ್ಬನನ್ನೂ ಹಿಡಿದು ಇವನೇ ಅವನು ಅನ್ನುವುದು ಸುಮ್ನೆ ದಂಡ.

ಹಿನ್ನೆಲೆಗೆ ಅರಣ್ಯ ಕಾನೂನು ತಿಳಿದಿರಲಿ. ಇಂಗ್ಲೆಂಡನ್ನು ಗೆದ್ದು ಆಳಿದ ನಾರ್ಮನ್ ರಾಜರು ದೊಡ್ಡ ದೊಡ್ಡ ಪ್ರದೇಶಗಳನ್ನು ತಮ್ಮ ಬೇಟೆಗೆಂದು ಕಾಯ್ದಿರಿಸಿದ್ದರು. ಅದರೊಳಗೆ ಹಳ್ಳಿ, ಹೊಲಗಳೂ ಇದ್ದವು. ಜಿಂಕೆ ಕೊಂದವನಿಗೆ ಜೀವವನ್ನೋ ಅಂಗವನ್ನೋ ಕಳೆದುಕೊಳ್ಳುವ ಭಯವಿತ್ತು. 1217ರ ಅರಣ್ಯ ಸನ್ನದು ಆ ಶಿಕ್ಷೆ ತೆಗೆದುಹಾಕಿತು. ದಂಡ, ಸೆರೆವಾಸ ಉಳಿದವು. ಆ ದೊಡ್ಡ ಲಾವಣಿಯಲ್ಲಿ ರಾಜ ಮಠಾಧಿಪತಿಯ ವೇಷದಲ್ಲಿ ಕಾಡಿಗೆ ಬಂದಾಗ ರಾಬಿನ್ ಅವನಿಗೆ ಬಡಿಸುವುದು ರಾಜನದೇ ಜಿಂಕೆಯ ಮಾಂಸ. ಕೇಳುಗರು ಅಲ್ಲಿ ಯಾಕೆ ನಕ್ಕಿರಬಹುದು ಅನ್ನುವುದು ಈ ಕಾನೂನು ಗೊತ್ತಿದ್ದರೆ ಅರ್ಥವಾಗುತ್ತದೆ.