ಕ್ಲ್ಯಾಟ್ ಮತ್ತೆ ಬರೆಯಲೇ, ಊರಲ್ಲೇ ಲಾ ಕಾಲೇಜಿಗೆ ಸೇರಲೇ?

ಪ್ರಶ್ನೆ: ಸೆಕೆಂಡ್ ಪಿಯುಸಿ ಓದುತ್ತಲೇ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಬರೆದೆ. 120ಕ್ಕೆ 58 ಬಂತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೆ ಸೇರಬೇಕು ಅಂತ ಆಸೆ. ಅಪ್ಪ "ನಮ್ಮೂರಲ್ಲೇ ಲಾ ಕಾಲೇಜ್ ಇದೆಯಲ್ಲ, ಸೇರ್ಕೋ" ಅನ್ನುತ್ತಾರೆ. ಕೋಚಿಂಗ್‌ನವರು "ಒಂದು ವರ್ಷ ಡ್ರಾಪ್ ತಗೋ, ಆಗತ್ತೆ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಡಿಸೆಂಬರ್ ಕೊನೆಗೆ ಶುರುವಾಗುವ ಈ ಪ್ರಶ್ನೆ ಜೂನ್ ತನಕ ಬರುತ್ತಲೇ ಇರುತ್ತದೆ. ಊರು ಬೇರೆ, ಅಂಕ ಬೇರೆ, ಅಷ್ಟೇ. ನಿಯಮದ ಮಾತನ್ನು ಮೊದಲು ಮುಗಿಸಿಬಿಡೋಣ. ಐದು ವರ್ಷದ ಕೋರ್ಸಿನ ಕ್ಲ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೂ ಮಿತಿ ಇಲ್ಲ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಎಸ್‌ಸಿ-ಎಸ್‌ಟಿಯವರಿಗೆ ಶೇ 40 ಅಂಕ ಇದ್ದರೆ ಸಾಕು. ಹಳೆಯ ಅಂಕ ಮುಂದಿನ ವರ್ಷಕ್ಕೆ ಬರುವುದಿಲ್ಲ, ಎರಡನೇ ಸಲ ಬರೆದವರು ಅಂತ ಯಾರೂ ಕಡಿಮೆ ಅಂಕ ಕೊಡುವುದೂ ಇಲ್ಲ. ಹಾಗಾಗಿ "ಬರೆಯಬಹುದಾ" ಅನ್ನುವುದು ಪ್ರಶ್ನೆಯೇ ಅಲ್ಲ. ಬರೆದರೆ ಅಂಕ ಏರುತ್ತದಾ ಅನ್ನುವುದು ಪ್ರಶ್ನೆ.

ಅದನ್ನು 58 ಅನ್ನುವ ಅಂಕಿಯಷ್ಟನ್ನೇ ನೋಡಿ ಹೇಳಲು ಆಗುವುದಿಲ್ಲ. ಲೆಕ್ಕ ನೋಡಿ. ಒಬ್ಬಳು 70 ಸರಿ, 48 ತಪ್ಪು ಮಾಡಿ, 2 ಬಿಟ್ಟಿದ್ದಾಳೆ. ತಪ್ಪಿಗೆ ಕಾಲು ಅಂಕದಂತೆ 12 ಕಳೆದರೆ 58. ಇನ್ನೊಬ್ಬಳು 61 ಸರಿ, 12 ತಪ್ಪು ಮಾಡಿ, 47 ಪ್ರಶ್ನೆ ಮುಟ್ಟಿಯೇ ಇಲ್ಲ. ಮೂರು ಅಂಕ ಕಳೆದರೆ ಅದೂ 58. ರ್ಯಾಂಕ್ ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ. ಆದರೆ ಮೊದಲನೆಯವಳು ಎಲ್ಲವನ್ನೂ ಓದಿ ತಪ್ಪು ಉತ್ತರ ಆರಿಸಿದ್ದಾಳೆ. ಎರಡನೆಯವಳಿಗೆ ಮುಟ್ಟಿದ್ದೆಲ್ಲ ಹೆಚ್ಚುಕಡಿಮೆ ಬರುತ್ತದೆ, ಟೈಮ್ ಸಾಲಲಿಲ್ಲ. ಮರುಪರೀಕ್ಷೆಗೆ ಕಾಸು ಹಾಕು ಅಂದರೆ ನಾನು ಎರಡನೆಯವಳ ಮೇಲೆ ಹಾಕುತ್ತೇನೆ. ಓದುವ ವೇಗ ಅಭ್ಯಾಸದಿಂದ ಬರುತ್ತದೆ. ಆಯ್ಕೆ ಮಾಡುವ ಚಾಳಿ ಬದಲಾಗುವುದು ನಿಧಾನ.

ಹಾಗಾದರೆ ಮೊದಲ ಕೆಲಸ, ನಿಮ್ಮದೇ ಪತ್ರಿಕೆಯನ್ನು ಮತ್ತೆ ಹಿಡಿದು ಕೂರುವುದು. ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ (ಎನ್‌ಎಲ್‌ಯು) ಒಕ್ಕೂಟದ ವೆಬ್‌ಸೈಟಿನಲ್ಲಿ ಸಿಗುತ್ತವೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಕಳೆದುಕೊಂಡ ಒಂದೊಂದು ಅಂಕದ ಪಕ್ಕದಲ್ಲೂ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಎರಡು ಆಯ್ಕೆಯ ನಡುವೆ ತಪ್ಪಿದೆ, ಸರಿಯಾಗಿ ಓದಲಿಲ್ಲ, ಟೈಮ್ ಇರಲಿಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಈ ಕೆಲಸ ಮಾಡದೆ ಡ್ರಾಪ್ ಬಗ್ಗೆ ತೀರ್ಮಾನಿಸಬೇಡಿ.

"ಎರಡು ಆಯ್ಕೆಯ ನಡುವೆ ತಪ್ಪಿದೆ" ಅನ್ನುವುದು ಲೀಗಲ್ ರೀಸನಿಂಗ್‌ನಲ್ಲೇ ಜಾಸ್ತಿ ಇದ್ದರೆ, ಕಾರಣ ಬಹುತೇಕ ಒಂದೇ. ಉದಾಹರಣೆಗೆ, ಪ್ಯಾಸೇಜ್‌ನಲ್ಲಿ ಹೀಗಿದೆ ಅಂದುಕೊಳ್ಳಿ: ಒಡೆಯನ ಅನುಮತಿ ಇಲ್ಲದೆ ಬೇರೆಯವರ ಜಮೀನಿಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶ, ನಷ್ಟ ಆಗಿರಲೇಬೇಕೆಂದಿಲ್ಲ. ಪ್ರಶ್ನೆ: ಕ್ರಿಕೆಟ್ ಆಡುತ್ತಿದ್ದ ಹುಡುಗ ಚೆಂಡು ತರಲು ಪಕ್ಕದವರ ಅಡಿಕೆ ತೋಟಕ್ಕೆ ಇಳಿದ, ಒಂದು ಎಲೆಯೂ ಮುರಿಯಲಿಲ್ಲ, ಹೊರಗೆ ಬಂದ. ಇದು ಅತಿಕ್ರಮವೇ? ನಮ್ಮ ಮನಸ್ಸು ತಕ್ಷಣ "ಪಾಪ, ಏನೂ ಹಾಳು ಮಾಡಿಲ್ಲವಲ್ಲ" ಅನ್ನುತ್ತದೆ. ಆ ಮಾತಿಗೆ ಹೊಂದುವ ಆಯ್ಕೆಯೊಂದನ್ನು ಪ್ರಶ್ನೆ ತೆಗೆದವರು ಬೇಕೆಂದೇ ಇಟ್ಟಿರುತ್ತಾರೆ. ಉತ್ತರ "ಹೌದು, ಅತಿಕ್ರಮವೇ". ಇಲ್ಲಿ ನಿಮ್ಮ ನ್ಯಾಯಬುದ್ಧಿಯನ್ನು ಯಾರೂ ಕೇಳಿಲ್ಲ. ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹೊಂದಿಸಬೇಕು, ಅಷ್ಟೇ. ಸ್ವಲ್ಪ ಕಾನೂನು ಓದಿಕೊಂಡವರು ಇನ್ನೊಂದು ರೀತಿ ಎಡವುತ್ತಾರೆ. ಪ್ಯಾಸೇಜ್‌ನಲ್ಲಿರುವ ನಿಯಮ ಬಿಟ್ಟು ತಮಗೆ ಗೊತ್ತಿರುವ ಕಾನೂನಿನಿಂದ ಉತ್ತರಿಸುತ್ತಾರೆ. ಪ್ರತಿ ಉತ್ತರಕ್ಕೂ "ಇದು ಪ್ಯಾಸೇಜ್‌ನ ಯಾವ ಸಾಲಿನಿಂದ ಬಂತು" ಅಂತ ಬೆರಳಿಟ್ಟು ತೋರಿಸುವ ಅಭ್ಯಾಸ ಮಾಡಿದರೆ ಇದು ಸರಿಹೋಗುತ್ತದೆ. ಆದರೆ ಹತ್ತು ದಿನದಲ್ಲಿ ಅಲ್ಲ, ತಿಂಗಳುಗಟ್ಟಲೆ ಮಾಡಬೇಕು.

ಈಗ ಟೈಮ್ ಸಾಲದವರ ಮಾತು. 2020ರಿಂದ ಕ್ಲ್ಯಾಟ್ ಪೂರ್ತಿ ಪ್ಯಾಸೇಜ್ ಓದಿ ಉತ್ತರಿಸುವ ಪರೀಕ್ಷೆ. 2024ರ ಪ್ರವೇಶಕ್ಕೆ ನಡೆದ ಪರೀಕ್ಷೆಯಿಂದ 150 ಪ್ರಶ್ನೆ 120ಕ್ಕೆ ಇಳಿದಿವೆ, ಸಮಯ ಮಾತ್ರ ಅದೇ ಎರಡು ಗಂಟೆ. ಇಪ್ಪತ್ತರ ಮೇಲೆ ಪ್ಯಾಸೇಜ್‌ಗಳು, ದೊಡ್ಡವು 450 ಪದದಷ್ಟು. ಒಟ್ಟು ಒಂಬತ್ತು ಸಾವಿರ ಪದ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 120 ಪದ ಓದುವವರಿಗೆ ಬರೀ ಓದಲು 75 ನಿಮಿಷ ಹೋಗುತ್ತದೆ, 120 ಪ್ರಶ್ನೆಗೆ ಉಳಿಯುವುದು 45 ನಿಮಿಷ. 200 ಪದ ಓದುವವರಿಗೆ ಉಲ್ಟಾ: ಓದಲು 45, ಉತ್ತರಿಸಲು 75. ಪರೀಕ್ಷೆಯ ಗುಟ್ಟು ಅನ್ನುವುದೇನಾದರೂ ಇದ್ದರೆ ಇಷ್ಟೇ.

ಹೈಸ್ಕೂಲ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಹೆಚ್ಚು ತಟ್ಟುತ್ತದೆ. ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ ಇದೆ. ಬೇರೆ ಭಾರತೀಯ ಭಾಷೆಗಳಲ್ಲೂ ನಡೆಸಿ ಅಂತ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಕನ್ನಡದಲ್ಲೇ ವಾದಿಸುವ ಕೋರ್ಟುಗಳು ತಾಲ್ಲೂಕಿಗೊಂದಿರುವಾಗ ವಕೀಲರಾಗುವವರ ಪರೀಕ್ಷೆ ಹೀಗಿರುವುದು ನನಗಂತೂ ಸರಿ ಕಾಣುವುದಿಲ್ಲ. ಆದರೆ ಈ ಡಿಸೆಂಬರ್‌ಗೆ ನೀವು ಇಂಗ್ಲಿಷ್‌ನಲ್ಲೇ ಬರೆಯಬೇಕು. ಪದಕೋಶ ಬಾಯಿಪಾಠ ಮಾಡುವುದರಿಂದ ವೇಗ ಬರುವುದಿಲ್ಲ. ದಿನಾ ಎರಡು ಇಂಗ್ಲಿಷ್ ಸಂಪಾದಕೀಯ, ಎದುರಿಗೆ ಗಡಿಯಾರ, ಓದಿ ಮುಚ್ಚಿಟ್ಟು "ಲೇಖಕರು ಏನು ಹೇಳಿದರು" ಅಂತ ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದರೆ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಬರೆದರೆ ಅಲ್ಲಿನ ಪದಗಳನ್ನೇ ಎತ್ತಿ ಇಟ್ಟುಬಿಡುತ್ತೇವೆ.

ನೆಗೆಟಿವ್ ಮಾರ್ಕಿಂಗ್ ಭಯದ ಬಗ್ಗೆಯೂ ಒಂದು ಮಾತು. 47 ಪ್ರಶ್ನೆ ಬಿಟ್ಟುಬಂದವರು "ತಪ್ಪಾದರೆ ಕಳೀತಾರಲ್ವಾ" ಅನ್ನುತ್ತಾರೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ತುಂಬಿದರೂ ಸರಾಸರಿಯಲ್ಲಿ ನಷ್ಟವಿಲ್ಲ. ಹದಿನಾರು ಪ್ರಶ್ನೆಗೆ ಸರಾಸರಿ ನಾಲ್ಕು ಸರಿ, ಹನ್ನೆರಡು ತಪ್ಪು, ಕೈಗೆ ಒಂದು ಅಂಕ. ಅದು ದೊಡ್ಡದಲ್ಲ. ಆದರೆ ಎರಡು ಆಯ್ಕೆ ತಪ್ಪು ಅಂತ ಖಚಿತವಾಗಿ ಹೊಡೆದುಹಾಕಲು ಬಂದರೆ, ಅದೇ ಹದಿನಾರಕ್ಕೆ ಎಂಟು ಸರಿ, ಎಂಟು ತಪ್ಪು, ಕೈಗೆ ಆರು ಅಂಕ. ಅರ್ಧ ಗೊತ್ತಿರುವ ಪ್ರಶ್ನೆಯನ್ನು ಹೆದರಿ ಬಿಡುವುದೇ ನಿಜವಾದ ನಷ್ಟ.

ಕರೆಂಟ್ ಅಫೇರ್ಸ್ ಬಗ್ಗೆ ಮರುಪರೀಕ್ಷೆಯವರು ಮರೆಯುವ ವಿಷಯ ಒಂದಿದೆ. ಹೋದ ವರ್ಷ ಓದಿದ್ದು ಬಹುಪಾಲು ಈ ವರ್ಷಕ್ಕೆ ಹಳೆಯದು. 28ರಿಂದ 32 ಪ್ರಶ್ನೆ ಬರುವ ಭಾಗ ಇದು, ಇಲ್ಲಿ ನೀವು ಮೊದಲ ಸಲ ಬರೆಯುವವರ ಸಾಲಿನಲ್ಲೇ ನಿಂತಿರುತ್ತೀರಿ. ಗಣಿತಕ್ಕೆ ಬರುವುದು ಹತ್ತರಿಂದ ಹದಿನಾಲ್ಕು, ಅದೂ ಹತ್ತನೇ ಕ್ಲಾಸಿನ ಶೇಕಡಾವಾರು, ಅನುಪಾತ, ಸರಾಸರಿ. ಆರ್ಟ್ಸ್‌ನವರು ಸುಮ್ನೆ ಹೆದರಿ ಪೂರ್ತಿ ಬಿಡುತ್ತಾರೆ, ಬಿಡಬೇಡಿ.

ಎಷ್ಟು ದೂರ ಹೋಗಬೇಕು ಅನ್ನುವುದನ್ನೂ ನೋಡಿ. ನೀವು ಆಸೆಪಡುವ ಬೆಂಗಳೂರು ನಾಗರಬಾವಿಯ ಲಾ ಸ್ಕೂಲ್‌ನಲ್ಲಿ ಸಾಮಾನ್ಯ ವರ್ಗದ ಸೀಟು ಅಖಿಲ ಭಾರತ ರ್ಯಾಂಕ್ ನೂರರ ಆಸುಪಾಸಿಗೆ ಮುಗಿದುಹೋಗುತ್ತದೆ. ಆದರೆ ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಸೀಟುಗಳಿವೆ. ರಾಜ್ಯ ಸರ್ಕಾರ 2020ರಲ್ಲಿ ಕಾನೂನು ತಿದ್ದಿ ತಂದಿದ್ದ ಮೀಸಲಾತಿಯನ್ನು ಹೈಕೋರ್ಟ್ ರದ್ದು ಮಾಡಿತು, ಆಮೇಲೆ ಲಾ ಸ್ಕೂಲೇ ತನ್ನ ಯೋಜನೆಯಲ್ಲಿ ಇದನ್ನು ತಂದಿತು. ರಾಜ್ಯದ ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಓದಿರಬೇಕು. ಈ ಪಟ್ಟಿಯಲ್ಲಿ ಸಾಕಷ್ಟು ಕೆಳಗಿನ ರ್ಯಾಂಕಿಗೂ ಸೀಟು ಸಿಗುತ್ತದೆ. ಗೊತ್ತಿಲ್ಲದೆ ಅರ್ಜಿಯಲ್ಲಿ ಮೀಸಲಾತಿ ಕಾಲಂ ಖಾಲಿ ಬಿಟ್ಟವರಿದ್ದಾರೆ, ನೀವು ಗಮನವಿಟ್ಟು ತುಂಬಿ. ಬೆಂಗಳೂರೇ ಆಗಬೇಕೆಂದಿಲ್ಲ ಅನ್ನುವುದಾದರೆ ಕ್ಲ್ಯಾಟ್ ಮೂಲಕ ಸೇರಿಸಿಕೊಳ್ಳುವ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಎನ್‌ಎಲ್‌ಯುಗಳಿವೆ. ಫೀಸು ಮಾತ್ರ ಸಾಮಾನ್ಯವಾಗಿ ವರ್ಷಕ್ಕೆ ಲಕ್ಷಗಳಲ್ಲಿ. ರ್ಯಾಂಕ್ ಬಂದ ಮೇಲೆ ಮನೆಯಲ್ಲಿ ಈ ಮಾತು ಎತ್ತುವುದಕ್ಕಿಂತ ಈಗಲೇ ಅಪ್ಪನ ಹತ್ತಿರ ಕೂತು ಮಾತಾಡಿ.

ಇನ್ನು ಡ್ರಾಪ್. ಕ್ಯಾಲೆಂಡರ್ ತೆಗೆದು ನೋಡಿ. ಪಿಯುಸಿ ಪರೀಕ್ಷೆ ಮುಗಿಯುವುದು ಮಾರ್ಚ್‌ನಲ್ಲಿ. ಮುಂದಿನ ಕ್ಲ್ಯಾಟ್ ಡಿಸೆಂಬರ್ ಮೊದಲ ವಾರದ ಹೊತ್ತಿಗೆ. ಅಂದರೆ "ಒಂದು ವರ್ಷ" ಅನ್ನುವುದರಲ್ಲಿ ಓದುವ ಕಾಲ ಎಂಟು ತಿಂಗಳು. ಆಮೇಲೆ ಜೂನ್‌ವರೆಗೆ ಕಾಯುವುದೇ ಕೆಲಸ. ಆ ಕಾಯುವಿಕೆಯೂ ನೆಮ್ಮದಿಯದಲ್ಲ. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಕೀ ಉತ್ತರದ ತಕರಾರು ದೆಹಲಿ ಹೈಕೋರ್ಟಿಗೆ ಹೋಗಿ, ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು ಮೇ 7ಕ್ಕೆ. ಅಲ್ಲಿಯವರೆಗೆ ಮಕ್ಕಳು ಕೌನ್ಸೆಲಿಂಗ್‌ಗೆ ಕಾದು ಕೂತಿದ್ದರು.

ಹಾಗಾಗಿ ಕಾಲೇಜಿಗೂ ಸೇರಿ, ಡಿಸೆಂಬರ್‌ನಲ್ಲಿ ಮತ್ತೆ ಬರೆಯುವ ದಾರಿಯನ್ನು ನಾನು ಹೆಚ್ಚಿನವರಿಗೆ ಹೇಳುತ್ತೇನೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಡಿ ಬರುವ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕವೇ ಆಧಾರ, ಕ್ಲ್ಯಾಟ್ ಬೇಕಿಲ್ಲ. (ಅದಕ್ಕೇ ಈಗ ಮೊದಲು ಪಿಯುಸಿ ಓದಿ, ಕ್ಲ್ಯಾಟ್ ಬೇಜಾರಿನಲ್ಲಿ ಅದನ್ನೂ ಕೆಡಿಸಿಕೊಳ್ಳಬೇಡಿ.) ಕಾಲೇಜು ಶುರುವಾಗುವ ಮುಂಚಿನ ಮೂರ್ನಾಲ್ಕು ತಿಂಗಳು ಹೇಗೂ ನಿಮ್ಮದೇ. ಆಮೇಲೆ ಸಂಜೆ ಎರಡು ಗಂಟೆ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಒಂದು ಮಾಕ್ ಟೆಸ್ಟ್. ಅಸಲಿ ಪರೀಕ್ಷೆ ನಡೆಯುವುದೂ ಅದೇ ಹೊತ್ತಿಗೆ, ಊಟದ ನಂತರದ ಆ ಮಂಪರಿನಲ್ಲಿ ತಲೆ ಓಡಿಸುವುದಕ್ಕೂ ರೂಢಿ ಬೇಕು. ಎನ್‌ಎಲ್‌ಯು ಸೀಟು ಬಂದರೆ ಅಲ್ಲಿ ಮತ್ತೆ ಮೊದಲ ವರ್ಷದಿಂದಲೇ ಶುರು, ನೇರ ಎರಡನೇ ವರ್ಷಕ್ಕೆ ಸೇರಿಸುವುದಿಲ್ಲ. ಒಂದು ವರ್ಷ ಹೋಗುವುದು ಎರಡೂ ದಾರಿಯಲ್ಲಿ ಒಂದೇ. ಸೀಟು ಬರದಿದ್ದರೆ ಮಾತ್ರ ವ್ಯತ್ಯಾಸ: ಕಾಲೇಜಿಗೆ ಸೇರಿದವರಿಗೆ ವರ್ಷ ಉಳಿಯುತ್ತದೆ.

ಪೂರ್ತಿ ಡ್ರಾಪ್ ಯಾರಿಗೆ? ಮೊದಲ ಸಲ ಪಿಯುಸಿ ಗಡಿಬಿಡಿಯಲ್ಲಿ ತಯಾರಿಯೇ ಇಲ್ಲದೆ ಬರೆದವರಿಗೆ, ಓದುವ ವೇಗ ಬಹಳ ಕಡಿಮೆ ಇದ್ದು ದಿನಾ ಐದಾರು ಗಂಟೆ ಇಂಗ್ಲಿಷ್ ಓದಬೇಕಾದವರಿಗೆ. ಪ್ರಥಮ ಪಿಯುಸಿಯಿಂದಲೇ ಕೋಚಿಂಗ್ ಹೋಗಿ, ಮಾಕ್ ಮೇಲೆ ಮಾಕ್ ಬರೆದು 58ಕ್ಕೆ ನಿಂತವರಿಗೆ ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರುವುದನ್ನು ನಾನು ಹೇಳುವುದಿಲ್ಲ. ಕೋಚಿಂಗ್‌ನವರು ಹೇಳುತ್ತಾರೆ, ಅವರ ವ್ಯಾಪಾರ ಅದು. ಎರಡನೇ ಸಲಕ್ಕೆ ಪಾಠ ಬೇಕಿಲ್ಲ, ಒಳ್ಳೆಯ ಮಾಕ್ ಸರಣಿ ಮತ್ತು ತಪ್ಪು ಬರೆದಿಡುವ ನೋಟ್‌ಬುಕ್ ಸಾಕು.

ಊರಿನ ಕಾಲೇಜು ಅಂದರೆ ಬಾಗಿಲು ಮುಚ್ಚಿತು ಅಂತಲೂ ಅಲ್ಲ. ಅಲ್ಲಿ ಎಲ್‌ಎಲ್‌ಬಿ ಮುಗಿಸಿ ಎಲ್‌ಎಲ್‌ಎಂಗೆ ಕ್ಲ್ಯಾಟ್ ಪಿಜಿ ಬರೆಯಬಹುದು. ಬಿಎ, ಬಿಕಾಂ ಯಾವುದಾದರೂ ಡಿಗ್ರಿ ಮುಗಿಸಿದವರಿಗೆ ನಾಗರಬಾವಿಯಲ್ಲೇ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಅದಕ್ಕೆ ಎನ್‌ಎಲ್‌ಸ್ಯಾಟ್ ಅನ್ನುವ ಬೇರೆ ಪರೀಕ್ಷೆ. ವಕೀಲಿಕೆಗೆ ಇಳಿಯುವಾಗ ಎಲ್ಲ ಕಾಲೇಜಿನವರೂ ಬರೆಯುವುದು ಬಾರ್ ಕೌನ್ಸಿಲ್‌ನ ಒಂದೇ ಪರೀಕ್ಷೆ, ಎಐಬಿಇ. ದೊಡ್ಡ ಲಾ ಫರ್ಮ್ ಕೆಲಸವೇ ಗುರಿಯಾಗಿದ್ದರೆ ಎನ್‌ಎಲ್‌ಯು ಹೆಸರು ನಿಜಕ್ಕೂ ನೆರವಾಗುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಪ್ರಾಕ್ಟೀಸ್ ಅಥವಾ ಸಿವಿಲ್ ಜಡ್ಜ್ ಪರೀಕ್ಷೆ ಮನಸ್ಸಿನಲ್ಲಿದ್ದರೆ ಅದಕ್ಕಾಗಿ ವರ್ಷ ಕಳೆಯಬೇಕಾ ಅಂತ ಇನ್ನೊಮ್ಮೆ ಯೋಚಿಸಿ.

ಅರ್ಜಿ ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್‌ವರೆಗೆ ಇರುತ್ತದೆ. 2026ರ ಪ್ರವೇಶದ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ ಶುಲ್ಕ 4,000 ರೂಪಾಯಿ, ಎಸ್‌ಸಿ-ಎಸ್‌ಟಿ ಮತ್ತು ಬಿಪಿಎಲ್‌ನವರಿಗೆ 3,500 ಇತ್ತು. ಕಾಲೇಜಿಗೆ ಸೇರಿಕೊಂಡು ಬರೆಯುವವರು ಸೇರುವ ದಿನವೇ ಆಫೀಸಿನಲ್ಲಿ ಕೇಳಿ: ನಡುವೆ ಬಿಟ್ಟರೆ ಟಿಸಿ ಮತ್ತು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಷ್ಟು ದಿನದಲ್ಲಿ ಕೊಡುತ್ತೀರಿ, ಉಳಿದ ವರ್ಷಗಳ ಫೀಸು ಕಟ್ಟಿ ಅನ್ನುತ್ತೀರಾ? ಬಾಯಿಮಾತು ಸಾಲದು, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೊಡುವ ಪ್ರತಿ ದಾಖಲೆಯ ಎರಡು ಅಟೆಸ್ಟೆಡ್ ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.