ಕುತ್ತಿಗೆ ಲಟಕ್ ಅಂದ ಮೇಲೆ

‘ಮಲಗಿದ್ದು ಸರಿಯಾಗಲಿಲ್ಲ ಅನ್ಸುತ್ತೆ. ಹೋಟೆಲಿನ ದಿಂಬು ಜಾಸ್ತಿ ಎತ್ತರ ಇತ್ತು.’

ಬ್ಯಾಂಕಾಕಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೂತು ನರ್ಸ್‌ಗೆ ನಾನು ಹೇಳಿದ ಮೊದಲ ಮಾತು ಇದು. ಹೇಳಿದ್ದು ಇಂಗ್ಲಿಷಿನಲ್ಲಿ, ಹೇಳಿದ್ದು ಸುಳ್ಳು. ಪಾಪ, ದಿಂಬಿನದೇನೂ ತಪ್ಪಿರಲಿಲ್ಲ. ಹಿಂದಿನ ಸಂಜೆ ಹೋಟೆಲಿನ ಪಕ್ಕದ ಗಲ್ಲಿಯಲ್ಲಿ ಮಸಾಜ್ ಮಾಡಿಸಿಕೊಂಡಿದ್ದೆ. ಒಂದು ಗಂಟೆ ಚಾಪೆಯ ಮೇಲೆ ಮಲಗಿಸಿ ಮೊಣಕೈ, ಮಂಡಿ, ಪಾದ ಎಲ್ಲವನ್ನೂ ಬಳಸಿ ನನ್ನನ್ನು ಚಪಾತಿ ಹಿಟ್ಟಿನಂತೆ ನಾದಿದ ಆಕೆ, ಕೊನೆಗೆ ಎಬ್ಬಿಸಿ ಕೂರಿಸಿದಳು. ಒಂದು ಕೈ ಗದ್ದಕ್ಕೆ, ಇನ್ನೊಂದು ತಲೆಯ ಹಿಂದಕ್ಕೆ. ಎಡಕ್ಕೆ ಲಟಕ್. ಬಲಕ್ಕೆ ಲಟಕ್. ಆ ಕ್ಷಣಕ್ಕೆ ಹಾಯೆನಿಸಿತು ಅನ್ನುವುದೂ ನಿಜವೇ. ಬೆಳಗ್ಗೆ ಎದ್ದರೆ ಕುತ್ತಿಗೆ ಬಲಕ್ಕೆ ತಿರುಗುತ್ತಿಲ್ಲ. ಬಲಗೈ ಹೆಬ್ಬೆರಳಿಗೆ ಜೋಮು.

ಹಾಗಾದರೆ ದಿಂಬಿನ ಮೇಲೆ ಯಾಕೆ ಹಾಕಿದೆ? ನಾಚಿಕೆ, ಅಷ್ಟೇ. ‘ಥಾಯ್ಲೆಂಡ್’ ಮತ್ತು ‘ಮಸಾಜ್’ ಒಂದೇ ವಾಕ್ಯದಲ್ಲಿ ಬಂದರೆ ನಮ್ಮ ಕಡೆ ಕೇಳಿದವರ ಹುಬ್ಬು ಮೇಲೇರುತ್ತದೆ. ಹೆಂಡತಿ ಪಕ್ಕದಲ್ಲೇ ಇದ್ದಳು. ಪಕ್ಕದ ಕುರ್ಚಿಯಲ್ಲಿ ಅವಳೂ ಕಾಲು ಒತ್ತಿಸಿಕೊಂಡಿದ್ದಳು. ಆದರೂ ನನ್ನ ನಾಲಿಗೆ ದಿಂಬಿನ ಕಡೆಗೇ ಓಡಿತು. ಅವಳು ತಡೆಯದೆ ಹೇಳಿಬಿಟ್ಟಳು: ‘ದಿಂಬಲ್ಲ, ಮಸಾಜ್. ಕುತ್ತಿಗೆ ತಿರುಗಿಸಿದರು.’ ನರ್ಸ್ ಬರೆಯುವುದನ್ನು ನಿಲ್ಲಿಸಿದಳು. ನಗಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಗಂಟೆಗೆ? ತಿರುಗಿಸಿದಾಗ ಸದ್ದು ಬಂತಾ? ಅಲ್ಲಿಂದ ಎಲ್ಲವೂ ಚುರುಕಾಯಿತು.

ಸದ್ದಿನಿಂದ ಶುರು ಮಾಡೋಣ. ನಾವು ನೆಟಿಗೆ ಮುರಿದಾಗ ಬರುವ ಸದ್ದೂ ಇದೂ ಒಂದೇ ಜಾತಿ. ಕೀಲಿನ ಒಳಗೆ ಅಂಟಂಟಾದ ದ್ರವ ಇರುತ್ತದೆ. ಕೀಲನ್ನು ಥಟ್ಟನೆ ಎಳೆದರೆ ಅಲ್ಲಿನ ಒತ್ತಡ ಇಳಿದು, ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಕೆನಡಾದ ಸಂಶೋಧಕರು 2015ರಲ್ಲಿ ಎಂಆರ್‌ಐ ಯಂತ್ರದೊಳಗೇ ಬೆರಳ ನೆಟಿಗೆ ಮುರಿಸಿ ಆ ಗುಳ್ಳೆ ಹುಟ್ಟುವುದನ್ನು ಚಿತ್ರ ಹಿಡಿದರು. ಹಾಗಾಗಿ ಲಟಕ್ ಅಂದರೆ ಮೂಳೆ ಜಾಗಕ್ಕೆ ಕೂತಿತು ಅಂತಲ್ಲ. ಮೂಳೆ ಮುರಿಯಿತು ಅಂತಲೂ ಅಲ್ಲ. ಸದ್ದಿನಿಂದ ಅಪಾಯವೇನಿಲ್ಲ. ಆದರೆ ಸದ್ದು ಬರುವಷ್ಟು ಜೋರಾಗಿ, ಥಟ್ಟನೆ ತಿರುಗಿಸಿದ್ದಾರೆ ಅನ್ನುವುದಕ್ಕೆ ಅದು ಸಾಕ್ಷಿ. ನರ್ಸ್‌ಗೆ ಬೇಕಾಗಿದ್ದು ಆ ಸಾಕ್ಷಿ.

ಬೆರಳಿಗೂ ಕುತ್ತಿಗೆಗೂ ಇರುವ ವ್ಯತ್ಯಾಸ ಅಲ್ಲಿ ಹಾದುಹೋಗುವ ಪೈಪುಗಳದ್ದು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳು ನಾಲ್ಕು. ಎರಡು ಕುತ್ತಿಗೆಯ ಮುಂಭಾಗದಲ್ಲಿ, ನಾವು ನಾಡಿ ಮುಟ್ಟಿ ನೋಡುವ ಜಾಗದಲ್ಲಿ. ಇನ್ನೆರಡು ಹಿಂದೆ, ಬೆನ್ನೆಲುಬಿನ ಒಳಗೇ. ಕುತ್ತಿಗೆಯ ಮೂಳೆಗಳ ಅಕ್ಕಪಕ್ಕ ಚಿಕ್ಕ ತೂತುಗಳಿವೆ. ಆರನೇ ಮೂಳೆಯಿಂದ ಮೊದಲನೆಯದರ ತನಕ, ಮಣಿ ಪೋಣಿಸಿದ ದಾರದಂತೆ ಈ ಅಪಧಮನಿ ಆ ತೂತುಗಳ ಮೂಲಕ ಮೇಲೇರುತ್ತದೆ. ತುದಿಯಲ್ಲಿ ಒಂದು ಕೊಂಕು ಹೊಡೆದು ತಲೆಬುರುಡೆಯೊಳಗೆ ನುಗ್ಗುತ್ತದೆ. ತಮಾಷೆ ಅಂದರೆ, ನಾವು ತಲೆ ತಿರುಗಿಸುವುದರಲ್ಲಿ ಸುಮಾರು ಅರ್ಧ ಭಾಗ ನಡೆಯುವುದು ಮೇಲಿನ ಎರಡು ಮೂಳೆಗಳ ನಡುವೆಯೇ. ಅಂದರೆ ಪೈಪು ಎಲ್ಲಿ ಕೊಂಕಿದೆಯೋ ಅಲ್ಲೇ ತಿರುಗಣೆಯೂ ಇದೆ.

ನಮಗೆ ನಾವೇ ನಿಧಾನವಾಗಿ ತಿರುಗಿದರೆ ಇದಕ್ಕೆಲ್ಲ ಏನೂ ಆಗುವುದಿಲ್ಲ. ಬೇರೆಯವರು ಥಟ್ಟನೆ ತಿರುಚಿದಾಗ, ಅಪರೂಪಕ್ಕೆ, ಅಪಧಮನಿಯ ಒಳಪದರ ಹರಿಯಬಹುದು. ರಕ್ತ ಆ ಹರಕಿನಲ್ಲಿ ನುಗ್ಗಿ ಗೋಡೆಯ ಪದರಗಳನ್ನೇ ಬೇರ್ಪಡಿಸುತ್ತದೆ. ಗೋಡೆಯ ಹಳೇ ಬಣ್ಣದ ಹಿಂದೆ ನೀರು ಇಳಿದರೆ ಉಬ್ಬಿಕೊಳ್ಳುತ್ತದಲ್ಲ, ಹಾಗೆ. ಪೈಪು ಕಿರಿದಾಗುತ್ತದೆ, ಅಥವಾ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದೇ ಪಾರ್ಶ್ವವಾಯು. ಇದು ಆಗುವುದು ತಿರುಚಿದ ತಕ್ಷಣವೇ ಇರಬೇಕಿಲ್ಲ. ಕೆಲವು ಗಂಟೆ, ಕೆಲವು ದಿನ ಬಿಟ್ಟೂ ಆಗಬಹುದು. ಅಷ್ಟರಲ್ಲಿ ರೋಗಿಯೇ ಮಸಾಜನ್ನು ಮರೆತಿರುತ್ತಾನೆ. ಅಥವಾ ನನ್ನ ಹಾಗೆ ದಿಂಬಿನ ಮೇಲೆ ಹಾಕಿರುತ್ತಾನೆ.

ನನ್ನನ್ನು ಪರೀಕ್ಷೆ ಮಾಡಿದ ರೀತಿ ನೋಡಿ. ಡಾಕ್ಟರ್ ಕುತ್ತಿಗೆಯನ್ನು ಮೊದಲು ಮುಟ್ಟಲೇ ಇಲ್ಲ. ಟಾರ್ಚ್ ಹಿಡಿದು ಕಣ್ಣು ನೋಡಿದರು. ಕುತ್ತಿಗೆಯ ಮುಂಭಾಗದ ಅಪಧಮನಿಯ ಸುತ್ತ ಬಳ್ಳಿಯಂತೆ ಹಬ್ಬಿದ ನರಗಳು ಕಣ್ಣಿನ ತನಕ ಹೋಗುತ್ತವೆ. ಅಪಧಮನಿ ಹರಿದು ಉಬ್ಬಿದರೆ ಆ ನರ ನಲುಗಿ ಒಂದು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಕಣ್ಣಪಾಪೆ ಚಿಕ್ಕದಾಗುತ್ತದೆ. ಆಮೇಲೆ ನನ್ನ ಮೂಗು, ಅವರ ಬೆರಳು, ಮತ್ತೆ ಮೂಗು, ಹೀಗೆ ಮುಟ್ಟಿಸಿದರು. ನೆಲದ ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆಸಿದರು. ಹಿಂದಿನ ಎರಡು ಅಪಧಮನಿಗಳು ಸಾಕುವುದು ಕಿರಿಮಿದುಳನ್ನು, ಅಂದರೆ ಮೈಯ ಸಮತೋಲ ತಪ್ಪದಂತೆ ನೋಡಿಕೊಳ್ಳುವ ಭಾಗವನ್ನು. ಅಲ್ಲಿಗೆ ರಕ್ತ ಕಡಿಮೆಯಾದರೆ ಮನುಷ್ಯ ಕುಡಿದವನಂತೆ ವಾಲುತ್ತಾನೆ. ಕೊನೆಗೆ ಹೆಬ್ಬೆರಳ ಜೋಮು. ಕುತ್ತಿಗೆಯಿಂದ ಹೊರಡುವ ಆರನೇ ನರದ ವ್ಯಾಪ್ತಿ ಹೆಬ್ಬೆರಳ ತನಕ. ‘ಇದು ಮಿದುಳಿನದ್ದಲ್ಲ, ನರದ ಬೇರು ಕೆರಳಿದೆ’ ಎಂದರು. ಆದರೂ ಹೊಸದಾಗಿ, ಒಂದೇ ಪಕ್ಕಕ್ಕೆ ನೋವು ಶುರುವಾಗಿದೆ ಎಂದು ಔಷಧಿ ಹಾಯಿಸಿ ಅಪಧಮನಿಗಳ ಸಿಟಿ ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಸ್ನಾಯು ಉಳುಕಿ, ನರ ಕೆರಳಿತ್ತು, ಅಷ್ಟೇ.

ಇಷ್ಟು ಓದಿ ಭಯ ಬೀಳಬೇಡಿ. ಕುತ್ತಿಗೆಯ ಅಪಧಮನಿ ಹೀಗೆ ಹರಿಯುವುದು ಎಲ್ಲ ಕಾರಣಗಳಿಂದ ಸೇರಿ ವರ್ಷಕ್ಕೆ ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ. ಆದರೆ 50 ದಾಟದವರ ಪಾರ್ಶ್ವವಾಯುವಿಗೆ ಅದು ದೊಡ್ಡ ಕಾರಣಗಳಲ್ಲೊಂದು. ಇದಕ್ಕೆ ಬ್ಯಾಂಕಾಕಿಗೇ ಹೋಗಬೇಕಿಲ್ಲ. 2024ರಲ್ಲಿ ಬಳ್ಳಾರಿ ಕಡೆಯ ಯುವಕನೊಬ್ಬನ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕ್ಷೌರ ಮುಗಿದ ಮೇಲೆ ಪುಕ್ಕಟೆ ಹೆಡ್ ಮಸಾಜ್, ಕೊನೆಗೆ ಕುತ್ತಿಗೆ ಲಟಕ್. ಸ್ವಲ್ಪ ಹೊತ್ತಿಗೆ ಮಾತು ತೊದಲಿ, ಎಡಭಾಗ ಸೋತಿತು. ಅಪಧಮನಿ ಹರಿದಿತ್ತು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಥಾಯ್ಲೆಂಡಿನ ಉದೋನ್ ಥಾನಿಯಲ್ಲಿ ಯುವ ಗಾಯಕಿಯೊಬ್ಬಳು ತೀರಿಕೊಂಡಳು. ಕುತ್ತಿಗೆ ತಿರುಚುವ ಮಸಾಜ್ ಮಾಡಿಸಿಕೊಂಡ ಮೇಲೆ ಅವಳಿಗೆ ಮೈ ಸೋಲುತ್ತ ಬಂದಿತ್ತು. ದೇಶವೆಲ್ಲ ಮಸಾಜನ್ನು ಬೈಯಿತು. ಅಲ್ಲಿನ ಅಧಿಕಾರಿಗಳು ದಾಖಲೆ ನೋಡಿ, ಇದು ಬೆನ್ನುಹುರಿಯ ಉರಿಯೂತ, ಮಸಾಜ್ ಕಾರಣವಲ್ಲ ಎಂದರು. ಮಸಾಜಿನ ನಂತರ ಆಗಿದ್ದೆಲ್ಲ ಮಸಾಜಿನಿಂದ ಆಗಿದ್ದಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಕುತ್ತಿಗೆ ತಿರುಚುವುದಕ್ಕೂ ಅಪಧಮನಿ ಹರಿಯುವುದಕ್ಕೂ ನಂಟು ಕಾಣುತ್ತದೆ, ಆದರೆ ಅದೇ ಕಾರಣ ಎಂದು ಸಾಬೀತಾಗಿಲ್ಲ. ಯಾಕೆಂದರೆ ಅಪಧಮನಿ ಹರಿದಾಗ ಮೊದಲು ಬರುವುದೇ ಕುತ್ತಿಗೆ ನೋವು. ಕುತ್ತಿಗೆ ನೋವು ಬಂದವನು ಮೊದಲು ಹುಡುಕುವುದೇ ಮಸಾಜ್!

ಥಾಯ್ ಮಸಾಜಿನ ಮೇಲೆ ನನಗೆ ಸಿಟ್ಟಿಲ್ಲ. ಅದು 2019ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿ ಸೇರಿದ ವಿದ್ಯೆ. ಬ್ಯಾಂಕಾಕಿನ ವಾಟ್ ಫೋ ದೇವಾಲಯಕ್ಕೆ ಹೋದರೆ, ದೇಹದ ಯಾವ ಜಾಗ ಒತ್ತಬೇಕೆಂದು 19ನೇ ಶತಮಾನದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ಚಿತ್ರಗಳು ಈಗಲೂ ಇವೆ. ಈ ವಿದ್ಯೆಯವರು ಗುರುವೆಂದು ಕೈಮುಗಿಯುವ ‘ಶಿವಾಗೋ ಕೋಮಾರಪಾಜ್’ ಬೇರೆ ಯಾರೂ ಅಲ್ಲ, ಮಗಧದ ಬಿಂಬಿಸಾರನ ಆಸ್ಥಾನದಲ್ಲಿದ್ದ, ಬುದ್ಧನ ವೈದ್ಯ ಜೀವಕ. ಗಲ್ಲಿಯ ಅಂಗಡಿಗೂ ಸರ್ಕಾರದ ಲೈಸೆನ್ಸ್ ಬೇಕು, ಒತ್ತುವವರಿಗೂ ನೋಂದಣಿ ಬೇಕು. ಆ ಪತ್ರ ಗೋಡೆಯ ಮೇಲಿದೆಯಾ ಅಂತ ನಾನು ನೋಡಿರಲಿಲ್ಲ. ನೋಡಿದ್ದು ಎಸಿ ಇದೆಯಾ ಅಂತ.

ಕುತ್ತಿಗೆ ಬಿಟ್ಟರೆ ಗಮನ ಇಡಬೇಕಾದ್ದು ಮೂತ್ರದ ಬಣ್ಣಕ್ಕೆ. ಸ್ನಾಯುವನ್ನು ವಿಪರೀತ ಒತ್ತಿ ಜಜ್ಜಿದರೆ ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೊಟೀನು ರಕ್ತಕ್ಕೆ ಸುರಿದು, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಇದೂ ಅಪರೂಪವೇ. ಆದರೆ ಬಿಸಿಲಲ್ಲಿ ಅಲೆದು, ನೀರು ಕುಡಿಯದೆ, ಎರಡು ಗಂಟೆ ಜೋರು ಮಸಾಜ್ ಮಾಡಿಸಿಕೊಂಡ ಪ್ರವಾಸಿಗೆ ಆಗದು ಅನ್ನುವಂತಿಲ್ಲ. ಅಂಥ ಹೊತ್ತಲ್ಲಿ ಮೈಕೈ ನೋವೆಂದು ಐಬುಪ್ರೊಫೆನ್ ನುಂಗಿದರೆ ಮೂತ್ರಪಿಂಡಕ್ಕೆ ಇನ್ನೂ ಕಷ್ಟ. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಒಳಗೇ ರಕ್ತ ಸೋರಬಹುದು. ಮೂಳೆ ಸವೆದ ವಯಸ್ಸಿನ ತಾಯಂದಿರ ಬೆನ್ನ ಮೇಲೆ ಮಂಡಿ ಊರಿದರೆ ಪಕ್ಕೆಲುಬು ಬಿರುಕು ಬಿಡಬಹುದು. ಕ್ಯಾಲಿಫೋರ್ನಿಯಾದಿಂದ ಗಂಟೆಗಟ್ಟಲೆ ಕೂತು ಬಂದಿಳಿದ ನಮ್ಮವರಿಗೆ ಇನ್ನೊಂದು ಮಾತು. ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಒತ್ತಿಸಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದೀತು.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ‘ಹಿಡ್ಕೊಂಡಿದೆ’ ಅನ್ನುವ ಒಂದೇ ಮಾತಲ್ಲಿ ಎಲ್ಲ ಮುಗಿಸಿಬಿಡುತ್ತೇವೆ. ಕುತ್ತಿಗೆ ಹಿಡ್ಕೊಂಡಿದೆ, ಸೊಂಟ ಹಿಡ್ಕೊಂಡಿದೆ. ಪರದೇಶದ ಡಾಕ್ಟರಿಗೆ ಅದು ‘ಪೇನ್’ ಆಗಿ ತಲುಪುತ್ತದೆ, ಅಷ್ಟೇ. ಸೆಳೆತವೋ, ಉರಿಯೋ, ಜೋಮೋ, ಶಕ್ತಿಯೇ ಇಲ್ಲವೋ ಬಿಡಿಸಿ ಹೇಳಬೇಕು. ಜೋಮು ಬೇರೆ, ಕೈಯಿಂದ ಲೋಟ ಜಾರುವುದು ಬೇರೆ. ತಲೆ ಸುತ್ತುವುದು ಬೇರೆ, ಕೋಣೆಯೇ ಸುತ್ತುವುದು ಬೇರೆ. ಥಾಯ್ ಭಾಷೆಯಲ್ಲಿ ಇದಕ್ಕೆ ಚೆಂದದ ವ್ಯವಸ್ಥೆ ಇದೆ: ಗಾಯದ, ಮುಟ್ಟಿದರೆ ಚುರುಕ್ಕೆನ್ನುವ ನೋವು ‘ಜೆಪ್’, ಒಳಗಿನಿಂದ ಹಿಂಡುವ ನೋವು ‘ಪುವತ್’. ಚಾಪೆಯ ಮೇಲೆ ಮಲಗಿದ್ದಾಗ ಬೇಕಾಗುವ ಇನ್ನೊಂದು ಮಾತು ‘ಬಾವ್ ಬಾವ್’. ನಾಯಿ ಬೊಗಳಿದಂತೆ ಕೇಳಿಸಿದರೂ ಅರ್ಥ ‘ಮೆಲ್ಲಗೆ’.

ನಮ್ಮಲ್ಲಿ ಇನ್ನೊಂದು ಚಾಳಿ: ‘ನಾಡಿದ್ದು ಊರಿಗೆ ಹೋಗ್ತೀವಲ್ಲ, ಅಲ್ಲೇ ತೋರಿಸಿದರಾಯ್ತು.’ ಬರೀ ಸ್ನಾಯು ನೋವಾದರೆ ಸರಿ. ಎರಡು ದಿನ ಐಸ್ ಇಟ್ಟು, ಪ್ಯಾರಾಸಿಟಮಾಲ್ ತಿಂದು, ಇನ್ನೊಂದು ಮಸಾಜಿಗೆ ಹೋಗದಿದ್ದರೆ ಸಾಕು. ಆದರೆ ಎಂದೂ ಬಂದಿರದ ತಲೆನೋವು, ಎರಡೆರಡಾಗಿ ಕಾಣುವುದು, ತೊದಲು, ನುಂಗಲು ಕಷ್ಟ, ಮುಖ ಒಂದು ಕಡೆ ಜಾರುವುದು, ಕೈಕಾಲು ಸೋಲುವುದು, ಮೂತ್ರ ಕಟ್ಟುವುದು ಇದ್ದರೆ ಊರಿನ ತನಕ ಕಾಯುವಂತಿಲ್ಲ. ಪಾರ್ಶ್ವವಾಯುವಿನ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಬೆಂಗಳೂರಿನ ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಥಾಯ್ಲೆಂಡಿನಲ್ಲಿ ಆಂಬುಲೆನ್ಸ್‌ಗೆ 1669, ಪ್ರವಾಸಿ ಪೊಲೀಸರಿಗೆ 1155. ಭಾಷೆ ತೊಡಕಾದರೆ ಎರಡನೆಯದು ಸಲೀಸು.

ದುಡ್ಡಿನ ಮಾತು. ಖಾಸಗಿ ಆಸ್ಪತ್ರೆಗಳು ಮೊದಲು ಪಾಸ್‌ಪೋರ್ಟ್ ಕೇಳುತ್ತವೆ, ಆಮೇಲೆ ಕಾರ್ಡೋ ವಿಮೆಯೋ. ಜೀವಕ್ಕೆ ಆತುರವಿಲ್ಲ ಅಂದಾಗ ವಿಮೆ ಕಂಪನಿಯ 24 ಗಂಟೆಯ ನಂಬರಿಗೆ ಮೊದಲು ಫೋನ್ ಮಾಡಿ. ಯಾವ ಆಸ್ಪತ್ರೆಯಲ್ಲಿ ಕೈಯಿಂದ ಕೊಡದೆ ನಡೆಯುತ್ತದೆ ಅಂತ ಅವರೇ ಹೇಳುತ್ತಾರೆ. ನಾನು ಮಾಡಲಿಲ್ಲ. ಹಾಗಾಗಿ ಕಾರ್ಡ್ ಉಜ್ಜಿ, ಊರಿಗೆ ಬಂದು ವಿಮೆಯವರಿಗೆ ತಿಂಗಳುಗಟ್ಟಲೆ ಇಮೇಲ್ ಬರೆದೆ. ಅವರ ಮೊದಲ ಪ್ರಶ್ನೆ ಏನಿತ್ತು ಗೊತ್ತಾ? ‘ಇದು ನಿಮ್ಮ ಹಳೇ ಸ್ಪಾಂಡಿಲೋಸಿಸ್, ಅಂದರೆ ಕುತ್ತಿಗೆ ಮೂಳೆಯ ಸವೆತ, ಅಲ್ವಾ?’ ಕೈ ಹಿಡಿದಿದ್ದು ಡಾಕ್ಟರ್ ಬರೆದ ಒಂದು ಸಾಲು: ಇಂಥ ದಿನ, ಇಂಥ ಹೊತ್ತಿಗೆ, ಮಸಾಜಿನಲ್ಲಿ ಕುತ್ತಿಗೆ ತಿರುಚಿದ ನಂತರ ಶುರುವಾದ ನೋವು. ದಿಂಬಿನ ಕತೆಯೇ ಕಡತ ಸೇರಿದ್ದರೆ ದುಡ್ಡಿಗೂ ಎಳ್ಳುನೀರು ಬಿಡಬೇಕಿತ್ತು. ವರದಿ, ಅಸಲಿ ರಸೀದಿ, ಸ್ಕ್ಯಾನ್ ಇರುವ ಸಿಡಿ ಮೂರನ್ನೂ ಹೊರಡುವ ಮೊದಲು ಇಸಿದುಕೊಳ್ಳಿ. ವಾಪಸ್ ಬಂದ ಮೇಲೆ ತರಿಸಿಕೊಳ್ಳುವುದು ಕಷ್ಟ.

ಮರುದಿನ ಸಂಜೆ ಅದೇ ಗಲ್ಲಿಯಲ್ಲಿ ಬರುತ್ತಿದ್ದೆವು. ಬಾಗಿಲಲ್ಲಿ ಕೂತಿದ್ದ ಆಕೆ ಗುರುತು ಹಿಡಿದು ಕರೆದಳು. ನಾನು ಕುತ್ತಿಗೆ ಮುಟ್ಟಿ ಕೈಯಾಡಿಸಿ, ಕಲಿತಿದ್ದ ಪದ ಹೇಳಿದೆ: ‘ಜೆಪ್.’ ಅವಳ ಮುಖ ಪೆಚ್ಚಾಯಿತು. ಎದ್ದು ಬಂದು ಕೈ ಮುಗಿದಳು. ಒಳಗೆ ಹೋಗಿ ಒಂದು ಡಬ್ಬಿ ಮುಲಾಮು ತಂದು ನನ್ನ ಕೈಗಿಟ್ಟು, ದುಡ್ಡು ಬೇಡವೆಂದು ತಲೆಯಾಡಿಸಿದಳು. ಆಮೇಲೆ ಹೆಂಡತಿಯ ಪಾದ ತೋರಿಸಿ ನಕ್ಕಳು. ಹೆಂಡತಿ ಕೈಚೀಲ ನನಗೆ ಕೊಟ್ಟು ಒಳಗೆ ಹೋದಳು.